ದುಡ್ಡಿಗೊಂದು ಜಾತಕ

ಙ ಅಕ್ಷರವನ್ನು ನಾನು ಕೊನೆಯ ಸಲ ಬರೆದದ್ದು ಒಂದನೇ ಕ್ಲಾಸಿನಲ್ಲಿ, ಸ್ಲೇಟಿನ ಮೇಲೆ. ಕ ಖ ಗ ಘ ಆದಮೇಲೆ ಅದು ಬರುತ್ತದೆ, ಮೇಷ್ಟ್ರು ತಿದ್ದಿಸುತ್ತಾರೆ, ಆಮೇಲೆ ಜೀವಮಾನವಿಡೀ ಅದರ ಮುಖ ನೋಡುವ ಅಗತ್ಯ ಬೀಳುವುದಿಲ್ಲ. ನನಗೆ ಅದು ಮತ್ತೆ ಎದುರಾದದ್ದು ಐವತ್ತಾರನೇ ವಯಸ್ಸಿನಲ್ಲಿ, ಚಿಯಾಂಗ್ ಮಾಯ್ ಊರಿನ ತೆರಿಗೆ ಕಚೇರಿಯಲ್ಲಿ. ನಮ್ಮ ಐಟಿಆರ್ ಇದ್ದ ಹಾಗೆ ಥಾಯ್ಲೆಂಡಿನಲ್ಲಿ ತುಂಬುವ ಫಾರಂಗೆ 'ಫೋ ಙೋ ದೋ' ಅಂತ ಹೆಸರು. 'ಫಾಸಿ ಙನ್ ದಾಯ್' ಎಂಬುದರ ಮೊದಲಕ್ಷರಗಳು ಅವು. ಫಾಸಿ ಅಂದರೆ ತೆರಿಗೆ, ಙನ್ ಅಂದರೆ ದುಡ್ಡು, ದಾಯ್ ಅಂದರೆ ಸಿಕ್ಕಿದ್ದು. ಸಿಕ್ಕ ದುಡ್ಡಿನ ತೆರಿಗೆ.

ಆರು ವರ್ಷದಿಂದ ಇಲ್ಲಿದ್ದರೂ ನನ್ನ ಥಾಯ್ ಸಂತೆಯಲ್ಲಿ ಸೊಪ್ಪು ಕೊಳ್ಳುವಷ್ಟೇ. ಭಾಷೆಗೆ ಇವರು 'ಫಾಸಾ' ಅನ್ನುತ್ತಾರೆ, ತೆರಿಗೆಗೆ 'ಫಾಸಿ'. ಎಷ್ಟೋ ಸಲ ನಾನು 'ನನಗೆ ಥಾಯ್ ತೆರಿಗೆ ಬರುವುದಿಲ್ಲ' ಅಂತ ಹೇಳಿ ನಗೆಪಾಟಲಾಗಿದ್ದೇನೆ. 2024ರಿಂದ ಆ ಮಾತೂ ಸುಳ್ಳಾಯಿತು. ತೆರಿಗೆ ಬಂದೇ ಬಂತು. ತೆರಿಗೆ ಇಲಾಖೆಯ ಹೆಸರು ಇನ್ನೂ ಚೆಂದ: ಸನ್ಫಾಕೊನ್. ಬೋರ್ಡಿನ ಮೇಲೆ ಇರುವುದನ್ನು ಅಕ್ಷರ ಅಕ್ಷರ ಬಿಡಿಸಿದರೆ ಅದು ನಮ್ಮ ಸರ್ವ ಮತ್ತು ಆಕರ. ಸರ್ವ ಆಕರ! ಎಲ್ಲೆಲ್ಲಿಂದ ದುಡ್ಡು ಹುಟ್ಟಿತೋ ಆ ಎಲ್ಲ ಮೂಲಗಳನ್ನೂ ಕೇಳುವ ಇಲಾಖೆಗೆ ಇದಕ್ಕಿಂತ ಒಪ್ಪುವ ಹೆಸರು ಯಾರು ಇಟ್ಟಾರು?

ನಾವು ಗಂಡ ಹೆಂಡತಿ ಇಲ್ಲಿಗೆ ಬಂದದ್ದು 2019ರಲ್ಲಿ. ಬೆಂಗಳೂರಿನಲ್ಲಿ ಇಪ್ಪತ್ತೈದು ವರ್ಷ ಕಂಪ್ಯೂಟರ್ ಮುಂದೆ ಕೂತು ಸಾಕಾಗಿತ್ತು. ಮಕ್ಕಳಿಲ್ಲ. ಐವತ್ತು ದಾಟಿದವರಿಗೆ ಇಲ್ಲಿ ನಿವೃತ್ತಿ ವೀಸಾ ಸಿಗುತ್ತದೆ. ಅದಕ್ಕೆ ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಅಂದರೆ ವಲಸೆ ಕಚೇರಿಯವರಿಗೆ ನೀವು ದುಡ್ಡು ತಂದರೆ ಸಂತೋಷ. ಹೊರಗಿನಿಂದ ತರುತ್ತೀರಿ, ಇಲ್ಲಿ ಖರ್ಚು ಮಾಡುತ್ತೀರಿ, ಇಲ್ಲಿಯವರ ಕೆಲಸ ಕಿತ್ತುಕೊಳ್ಳುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಈಗ ವಲಸೆ ಕಚೇರಿಯ ಬಾಗಿಲಲ್ಲಿ 'ದುಡ್ಡು ತಂದೆಯಾ?' ಅಂತ ಕೇಳುತ್ತಾರೆ, ತೆರಿಗೆ ಕಚೇರಿಯ ಬಾಗಿಲಲ್ಲಿ 'ಎಲ್ಲಿಂದ ತಂದೆ?' ಅಂತ. ನಮ್ಮನೆಯವರು ಎರಡಕ್ಕೂ ಸೇರಿಸಿ ಒಂದು ಉತ್ತರ ಇಟ್ಟುಕೊಂಡಿದ್ದಾರೆ: 'ತಂದೆಯೂ ಅಲ್ಲ, ತಾಯಿಯೂ ಅಲ್ಲ, ನಾವೇ ದುಡಿದದ್ದು.' ಕನ್ನಡ ಗೊತ್ತಿಲ್ಲದ ಊರಿನಲ್ಲಿ ಈ ಜೋಕಿಗೆ ನಾನೊಬ್ಬಳೇ ನಗಬೇಕು.

ಹಳೆಯ ಪದ್ಧತಿ ಹೇಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಇಲ್ಲಿಯ ತೆರಿಗೆ ಕಾನೂನು 1938ರದ್ದು. ಅದರ 41ನೇ ಕಲಮು ಹೇಳುವುದು ಇಷ್ಟೆ. ಒಂದು ವರ್ಷದಲ್ಲಿ 180 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ನೀವು ಇಲ್ಲಿದ್ದರೆ ಆ ವರ್ಷದ ತೆರಿಗೆಯ ಮಟ್ಟಿಗೆ ನೀವು ಇಲ್ಲಿಯ ನಿವಾಸಿ. ವರ್ಷ ಅಂದರೆ ಜನವರಿಯಿಂದ ಡಿಸೆಂಬರ್. ದಿನಗಳು ಒಟ್ಟಿಗೆ ಬರಬೇಕೆಂದಿಲ್ಲ, ಬಿಡಿಬಿಡಿಯಾಗಿ ಕೂಡಿಸಿದರೂ ಆಯಿತು. ಅಂಥ ನಿವಾಸಿ ಹೊರದೇಶದ ಆದಾಯವನ್ನು ಥಾಯ್ಲೆಂಡಿಗೆ ತಂದರೆ ತೆರಿಗೆ ಕಟ್ಟಬೇಕು. ತರದೆ ಅಲ್ಲೇ ಬಿಟ್ಟರೆ ಕೇಳುವುದಿಲ್ಲ.

ಇದರಲ್ಲಿ ಒಂದು ಕಿಂಡಿ ಇತ್ತು. ಇಲಾಖೆಯೇ ದಶಕಗಳ ಕಾಲ ಆ ಕಲಮನ್ನು ಹೀಗೆ ಓದುತ್ತಿತ್ತು: ದುಡಿದ ವರ್ಷವೇ ತಂದರೆ ಮಾತ್ರ ತೆರಿಗೆ. ಡಿಸೆಂಬರ್ 31ರಂದು ತಂದರೆ ಆದಾಯ, ಜನವರಿ 1ರಂದು ತಂದರೆ ಉಳಿತಾಯ. ಒಂದು ರಾತ್ರಿ ಕಳೆದರೆ ಸಾಕು, ದುಡ್ಡು ಪಾವನ. ಎಲ್ಲರೂ ಹಾಗೇ ಮಾಡುತ್ತಿದ್ದರು. ನಾವೂ ಮಾಡಿದೆವು. ಪ್ರತಿ ಜನವರಿ ಎರಡನೇ ವಾರ, ಹೊಸ ವರ್ಷದ ರಜೆ ಮುಗಿದು ಬ್ಯಾಂಕುಗಳು ಸರಿಯಾದ ಮೇಲೆ, ಒಂದು ವರ್ಷದ ಖರ್ಚಿಗೆ ಬೇಕಾದಷ್ಟು ತರಿಸಿಕೊಂಡು ಸುಮ್ನೆ ಇದ್ದುಬಿಡುತ್ತಿದ್ದೆವು. ಇಲ್ಲಿಯ ತೆರಿಗೆ ಕಚೇರಿ ಯಾವ ಬೀದಿಯಲ್ಲಿದೆ ಅನ್ನುವುದೂ ನನಗೆ ಗೊತ್ತಿರಲಿಲ್ಲ.

2023ರ ಸೆಪ್ಟೆಂಬರ್ 15ಕ್ಕೆ ಒಂದು ಇಲಾಖಾ ಆದೇಶ ಬಂತು. ಸಂಖ್ಯೆ 161/2566. (2566 ನೋಡಿ ಹೆದರಬೇಡಿ. ಇಲ್ಲಿ ಬುದ್ಧನ ಶಕೆ, ನಮ್ಮ ಲೆಕ್ಕಕ್ಕೆ 543 ಕೂಡಿಸಬೇಕು.) ಸ್ರೆತ್ತಾ ಥವಿಸಿನ್ ಪ್ರಧಾನಿಯಾಗಿ ಆಗಷ್ಟೇ ಕೆಲವು ವಾರ ಕಳೆದಿತ್ತು. ಆದೇಶದಲ್ಲಿದ್ದ ಹೊಸ ಮಾತು ಒಂದೇ: ದುಡಿದ ದುಡ್ಡನ್ನು ಯಾವ ವರ್ಷ ತಂದರೂ ತಂದ ವರ್ಷದಲ್ಲಿ ತೆರಿಗೆ. ಜಾರಿ 2024ರ ಜನವರಿ 1ರಿಂದ. ಸಂಸತ್ತಿನಲ್ಲಿ ಮಸೂದೆ ಬರಲಿಲ್ಲ, ಚರ್ಚೆ ನಡೆಯಲಿಲ್ಲ, ಕಲಮಿನ ಒಂದು ಅಕ್ಷರವೂ ಬದಲಾಗಲಿಲ್ಲ. ಅದೇ ವಾಕ್ಯವನ್ನು ಇಲಾಖೆ ಬೇರೆ ರೀತಿ ಓದಿತು, ಅಷ್ಟೆ. ಕಾನೂನು ಗೊತ್ತಿದ್ದವರು ಹಳೆಯ ಓದೇ ತಪ್ಪಾಗಿತ್ತು, ಈಗ ಸರಿಹೋಯಿತು ಅನ್ನುತ್ತಾರೆ. ಇರಬಹುದು. ಆದರೆ ಅಷ್ಟು ವರ್ಷ ತೆರೆದಿಟ್ಟ ಬಾಗಿಲನ್ನು ಮುಚ್ಚುವಾಗ ಒಳಗೆ ಸಂಸಾರ ಹೂಡಿದವರನ್ನು ಒಂದು ಮಾತು ಕೇಳಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಆ ಎರಡು ತಿಂಗಳು ಊರಿನ ಕಾಫಿ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ನಮ್ಮ ಬೀದಿಯಲ್ಲಿ ಬೆಳಗಿನ ಕಾಫಿಗೆ ಕೂರುವ ಒಂದು ಗುಂಪಿದೆ. ಇಂಗ್ಲೆಂಡಿನ ಒಬ್ಬರು, ಅಮೆರಿಕದ ಒಬ್ಬರು, ದುಬೈಯಲ್ಲಿ ದುಡಿದು ಇಲ್ಲಿ ನೆಲೆಸಿದ ಮಂಗಳೂರಿನ ಒಬ್ಬರು, ಮತ್ತೆ ನಾವು. ಜೀವಮಾನದ ಉಳಿತಾಯಕ್ಕೆಲ್ಲ 35 ಪರ್ಸೆಂಟ್ ಹಾಕುತ್ತಾರಂತೆ, ಎಲ್ಲರೂ ಪಕ್ಕದ ದೇಶಗಳಿಗೆ ಗಂಟುಮೂಟೆ ಕಟ್ಟುತ್ತಿದ್ದಾರಂತೆ. ಅಂತೆಕಂತೆಗಳಿಗೆ ಯಾವ ತೆರಿಗೆಯೂ ಇಲ್ಲ. ನವೆಂಬರ್ 20ಕ್ಕೆ ಇನ್ನೊಂದು ಆದೇಶ ಬಂತು, 162ನೇ ನಂಬರಿನದು. 2024ರ ಜನವರಿ 1ಕ್ಕೆ ಮೊದಲು ದುಡಿದದ್ದಕ್ಕೆ ಹೊಸ ಓದು ಅನ್ವಯಿಸುವುದಿಲ್ಲ ಅಂತ. ಎಲ್ಲರೂ ಒಂದು ಸಲ ಉಸಿರು ಬಿಟ್ಟೆವು.

ನಿಜವಾದ ಫಜೀತಿ ಶುರುವಾದದ್ದೇ ಆ ಸಮಾಧಾನದಿಂದ. 2023ರ ಡಿಸೆಂಬರ್ 31 ಅನ್ನುವುದು ಒಂದು ಗೆರೆ. ಗೆರೆಯ ಆಚೆ ಹುಟ್ಟಿದ ದುಡ್ಡು ಬಿಡುಗಡೆ, ಈಚೆ ಹುಟ್ಟಿದ್ದು ಬಾಕಿ. ಹಾಗಾದರೆ ನನ್ನ ಖಾತೆಯಲ್ಲಿರುವ ಈ ರೂಪಾಯಿ ಹುಟ್ಟಿದ್ದು ಯಾವಾಗ? ದುಡ್ಡಿಗೆ ನೆನಪಿಲ್ಲ ಅಂತ ನಾನು ತಿಳಿದಿದ್ದೆ. ಈಗ ಅದಕ್ಕೆ ಜಾತಕ ಬರೆಸಬೇಕಾಯಿತು. ಹುಟ್ಟಿದ ದಿನ, ಹುಟ್ಟಿದ ಊರು, ಗೋತ್ರ. ಗೋತ್ರ ಅಂದರೆ ಸಂಬಳವೋ, ಬಾಡಿಗೆಯೋ, ಬಡ್ಡಿಯೋ, ಉಡುಗೊರೆಯೋ. ಸಾಲದ್ದಕ್ಕೆ, ಅದು ಹುಟ್ಟಿದ ವರ್ಷ ನಾನೆಲ್ಲಿದ್ದೆ ಅನ್ನುವುದೂ ಬೇಕು. ಆದೇಶದ ವಾಕ್ಯ ಓದಿದರೆ, ಆದಾಯ ಹುಟ್ಟಿದ ವರ್ಷ ನೀವು ಇಲ್ಲಿ 180 ದಿನ ಇದ್ದವರಾಗಿದ್ದರೆ ಮಾತ್ರ ಅದು ಲೆಕ್ಕಕ್ಕೆ. ನಮ್ಮನೆಯವರು ಅವತ್ತಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಾರೆ. ಹಾಲಿನವನ ಲೆಕ್ಕದ ಹಾಗೆ.

2024ರ ಜನವರಿ ಮೊದಲ ವಾರ ನಾನು ಮಾಡಿದ ಒಂದೇ ಜಾಣತನ ಅಂದರೆ, ಭಾರತದ ಎಲ್ಲ ಖಾತೆಗಳ ಡಿಸೆಂಬರ್ 31ರ ಸ್ಟೇಟ್‌ಮೆಂಟ್ ತೆಗೆದು ಪ್ರಿಂಟ್ ಹಾಕಿ ಒಂದು ಫೈಲಿನಲ್ಲಿಟ್ಟದ್ದು. ಅದಕ್ಕೆ ಮುಂಚೆ ಮಾಡಿದ್ದೆಲ್ಲ ದಡ್ಡತನ. ನನ್ನ ಎನ್‌ಆರ್‌ಒ ಖಾತೆ, ಅಂದರೆ ಹೊರದೇಶದಲ್ಲಿರುವವರು ಊರಿನ ಆದಾಯ ಇಡುವ ಖಾತೆ, ಒಂದೇ. ಬೆಂಗಳೂರಿನ ಫ್ಲಾಟಿನ ಬಾಡಿಗೆ ಅದಕ್ಕೇ ಬರುತ್ತಿತ್ತು, ಎಫ್‌ಡಿ ಬಡ್ಡಿಯೂ ಅದಕ್ಕೇ, ಹಳೆಯ ಸಂಬಳದ ಉಳಿಕೆಯೂ ಅದರಲ್ಲೇ. ಮೇಲಿಂದ ಆಟೋ ಸ್ವೀಪ್ ಬೇರೆ. ದುಡ್ಡು ಜಾಸ್ತಿಯಾದರೆ ತಾನೇ ಎಫ್‌ಡಿ ಆಗುತ್ತದೆ, ಕಮ್ಮಿಯಾದರೆ ತಾನೇ ಮುರಿದು ವಾಪಸ್ ಬರುತ್ತದೆ. ಬೆಂಗಳೂರಿನಲ್ಲಿದ್ದಾಗ ಇದು ಎಂಥ ಸೌಕರ್ಯ ಅಂತ ಹೊಗಳುತ್ತಿದ್ದೆ. ಈಗ ನೋಡಿದರೆ ಹಳೇ ನೀರು, ಹೊಸ ನೀರು ಎಲ್ಲ ಒಂದೇ ಬಾವಿಯಲ್ಲಿ. ಕೊಡ ಎತ್ತಿದರೆ ಬಂದದ್ದು ಯಾವ ವರ್ಷದ ಮಳೆ ಅಂತ ಹೇಗೆ ಹೇಳುವುದು? ಇಪ್ಪತ್ತೈದು ವರ್ಷ ಬೇರೆಯವರ ಡೇಟಾಬೇಸು ಸರಿಮಾಡಿದವಳು ನಾನು. ನನ್ನದೇ ಖಾತೆಯ ಒಂದು ಸಾಲು ಬಿಡಿಸಲು ಮೂರು ವಾರಾಂತ್ಯ ಹಿಡಿಯಿತು.

ಮೊದಲು ಹೋದದ್ದು ಒಬ್ಬ ಏಜೆಂಟರ ಹತ್ತಿರ. ವೀಸಾ ಕೆಲಸ ಮಾಡಿಕೊಡುವವರು, ತೆರಿಗೆಯನ್ನೂ ನೋಡುತ್ತೇವೆ ಅಂತ ಬೋರ್ಡು ಹಾಕಿದ್ದರು. 'ಸುಮ್ಮನಿರಿ ಮೇಡಂ, ಯಾರೂ ಕೇಳೋದಿಲ್ಲ' ಅಂದರು. ಹಾಗೆಲ್ಲ ಇರಲಾಗುವುದಿಲ್ಲ ಅಂದಾಗ ಇನ್ನೊಂದು ದಾರಿ ತೋರಿಸಿದರು. ಇಲ್ಲಿಯ ಕಾನೂನಿನಲ್ಲಿ ತಂದೆ ತಾಯಿ, ಮಕ್ಕಳು, ಗಂಡ ಹೆಂಡತಿ ಕೊಟ್ಟ ಉಡುಗೊರೆಗೆ ವರ್ಷಕ್ಕೆ 2 ಕೋಟಿ ಬಾತ್ ತನಕ ತೆರಿಗೆ ಇಲ್ಲ. 'ನಿಮ್ಮ ದುಡ್ಡನ್ನೇ ಅಮ್ಮನ ಖಾತೆಗೆ ಹಾಕಿ, ಅವರು ನಿಮಗೆ ಕೊಟ್ಟ ಹಾಗೆ ತೋರಿಸಿ.' ಎಂಬತ್ತೊಂದು ವರ್ಷದ ಅಮ್ಮ ಸಾಗರದ ಹತ್ತಿರ ಹಳ್ಳಿಯಲ್ಲಿದ್ದಾಳೆ. ಅಂಗಡಿಯವನು ನಾಲ್ಕಾಣೆ ಜಾಸ್ತಿ ಚಿಲ್ಲರೆ ಕೊಟ್ಟರೆ ವಾಪಸ್ ಕೊಟ್ಟುಬಾ ಅಂತ ಒಂದು ಮೈಲಿ ನಡೆಸಿದವಳು. ಅವಳ ಹೆಸರಲ್ಲಿ ಸುಳ್ಳು ಬರೆಸಿ ತೆರಿಗೆ ಉಳಿಸುವುದಾ? ಫೈಲು ಎತ್ತಿಕೊಂಡು ಬಂದೆ. ಏಜೆಂಟರಿಗೆ ಕೊಟ್ಟ ಮುಂಗಡ ವಾಪಸ್ ಬರಲಿಲ್ಲ, ಅದು ಬೇರೆ ಕತೆ.

ಆಮೇಲೆ ಸಿಕ್ಕಿದ್ದು ಒಬ್ಬ ಅಕೌಂಟೆಂಟ್ ಹುಡುಗಿ. ಮೂವತ್ತರ ಒಳಗಿನವಳು. ನನ್ನನ್ನು 'ಪೀ' ಅಂತ ಕರೆಯುತ್ತಾಳೆ, ಅಕ್ಕ ಅಂದ ಹಾಗೆ. ಮೊದಲ ದಿನವೇ ಒಂದು ಹಾಳೆಯ ಮೇಲೆ ಅಡ್ಡ ಗೆರೆ ಎಳೆದಳು. ಮೇಲೆ 2023, ಕೆಳಗೆ 2024. 'ಮೇಲಿನದ್ದಕ್ಕೆ ಕಾಗದ ಇದ್ದರೆ ಮೇಲಿನದು, ಕಾಗದ ಇಲ್ಲದಿದ್ದರೆ ಎಲ್ಲವೂ ಕೆಳಗಿನದು' ಅಂದಳು. ಬೇರೆ ದೇಶದ ಕಾರ್ಡನ್ನು ಇಲ್ಲಿಯ ಎಟಿಎಂನಲ್ಲಿ ಹಾಕಿ ಎಳೆದದ್ದನ್ನೂ 'ತಂದ ದುಡ್ಡು' ಅಂತಲೇ ಬರೆದಿಡಿ ಅಂದಳು. ಬಡ್ಡಿ, ಬಾಡಿಗೆ, ಉಳಿತಾಯಕ್ಕೆ ಬೇರೆ ಬೇರೆ ಖಾತೆ ಮಾಡಿ ಅಂತಲೂ ಹೇಳಿದಳು. ಮೂರು ಕೊಡ, ಮೂರು ಬಾವಿ.

ನಮ್ಮ ಕಾಫಿ ಗುಂಪಿನ ಒಂದೊಂದು ಜಾತಕವೂ ಒಂದೊಂದು ಥರ. ಅಮೆರಿಕದವರಿಗೆ ಬರುವುದು ಅಲ್ಲಿಯ ಸೋಷಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರ ಕೊಡುವ ವೃದ್ಧಾಪ್ಯದ ಪಿಂಚಣಿ. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದಂತೆ ಅದಕ್ಕೆ ತೆರಿಗೆ ಹಾಕುವ ಹಕ್ಕು ಅಮೆರಿಕಕ್ಕೆ ಮಾತ್ರ. ಅವರು ಕಾಲ ಮೇಲೆ ಕಾಲು ಹಾಕಿ ಕಾಫಿ ಕುಡಿಯುತ್ತಾರೆ. ಪಕ್ಕದ ಕುರ್ಚಿಯ ಇಂಗ್ಲೆಂಡಿನವರಿಗೆ ಬರುವುದೂ ಅಂಥದೇ ಪಿಂಚಣಿ. ಆದರೆ ಅವರ ದೇಶದ ಒಪ್ಪಂದದಲ್ಲಿ ಸರ್ಕಾರಿ ನೌಕರಿಯ ಪಿಂಚಣಿಗೆ ರಕ್ಷಣೆ ಇದೆ, ಎಲ್ಲರಿಗೂ ಸಿಗುವ ವೃದ್ಧಾಪ್ಯದ ಪಿಂಚಣಿಗೆ ಇಲ್ಲ. ಸಾಲದ್ದಕ್ಕೆ, ಥಾಯ್ಲೆಂಡಿನಲ್ಲಿ ನೆಲೆಸಿದ ಬ್ರಿಟಿಷರ ಆ ಪಿಂಚಣಿ ವರ್ಷ ವರ್ಷ ಏರುವುದಿಲ್ಲ. ಇಲ್ಲಿಗೆ ಬಂದಾಗ ಎಷ್ಟಿತ್ತೋ ಅಷ್ಟಕ್ಕೇ ನಿಂತುಬಿಡುತ್ತದೆ. 'ಅಲ್ಲಿ ಹೆಪ್ಪುಗಟ್ಟಿಸುತ್ತಾರೆ, ಇಲ್ಲಿ ಕತ್ತರಿಸುತ್ತಾರೆ' ಅಂತ ಅವರು ಗೊಣಗುತ್ತಾರೆ.

ಆದರೆ ಅವರಿಗೆ 71 ವರ್ಷ. ಅಕೌಂಟೆಂಟ್ ಹುಡುಗಿ ಕೂತು ಲೆಕ್ಕ ಹಾಕಿಕೊಟ್ಟಳು. ಪಿಂಚಣಿಯಲ್ಲಿ ಅರ್ಧ, ಹೆಚ್ಚೆಂದರೆ 1 ಲಕ್ಷ ಬಾತ್, ಖರ್ಚು ಅಂತ ಕಳೆಯಬಹುದು. ಸ್ವಂತದ ವಿನಾಯಿತಿ 60,000. ಅರವತ್ತೈದು ದಾಟಿದವರಿಗೆ 1,90,000. ಉಳಿದದ್ದರಲ್ಲಿ ಮೊದಲ 1,50,000ಕ್ಕೆ ತೆರಿಗೆ ಇಲ್ಲ. ಎಲ್ಲ ಕೂಡಿದರೆ 5 ಲಕ್ಷ ಬಾತ್. ಅವರ ವರ್ಷದ ಪಿಂಚಣಿ ಅಷ್ಟು ಬರುವುದೇ ಇಲ್ಲ! ಆರು ತಿಂಗಳು ನಿದ್ದೆ ಕೆಟ್ಟದ್ದು ಸೊನ್ನೆ ತೆರಿಗೆಗೆ. ಅವರಿಗೆ ಇದು ಸಂತೋಷವೋ ಅವಮಾನವೋ ಗೊತ್ತಾಗಲಿಲ್ಲ. ಅವತ್ತು ಕಾಫಿ ದುಡ್ಡು ಅವರೇ ಕೊಟ್ಟರು.

ಎಲ್ಲರಿಗಿಂತ ಜಾಸ್ತಿ ಪೆಟ್ಟು ತಿಂದವರು ಮಂಗಳೂರಿನವರು. ದುಬೈಯಲ್ಲಿ ಇಪ್ಪತ್ತು ವರ್ಷ ದುಡಿದು ಎಲ್ಲವನ್ನೂ ಊರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ ಎಫ್‌ಡಿ ಮಾಡಿಟ್ಟಿದ್ದಾರೆ. ಹೊರದೇಶದಲ್ಲಿ ದುಡಿದದ್ದನ್ನು ತಂದಿಡುವ ಖಾತೆ ಅದು. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಗಲ್ಫಿನವರೆಲ್ಲ ಕೊಂಡಾಡುವ ಸವಲತ್ತು ಅದು. ಆ ಬಡ್ಡಿಯ ಮೇಲೇ ಅವರ ಸಂಸಾರ ನಡೆಯುತ್ತಿತ್ತು. ಭಾರತಕ್ಕೂ ಥಾಯ್ಲೆಂಡಿಗೂ 2015ರಲ್ಲಿ ಹೊಸದಾಗಿ ಆದ ತೆರಿಗೆ ಒಪ್ಪಂದ ಇದೆ. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಳೆದುಕೊಳ್ಳಬಹುದು. ಸರಿ, ಆದರೆ ಅಲ್ಲಿ ಕಟ್ಟೇ ಇಲ್ಲವಲ್ಲ! ಕಳೆಯುವುದೇನನ್ನು? ಭಾರತ ಮಾಫಿ ಮಾಡಿದ್ದು ಅವರ ಜೇಬಿಗೆ ಬರಲಿಲ್ಲ, ಥಾಯ್ಲೆಂಡಿನ ಖಜಾನೆಗೆ ಹೋಯಿತು. 'ನಮ್ಮ ಸರ್ಕಾರ ಬಿಟ್ಟದ್ದನ್ನು ಇವರು ಹೆಕ್ಕಿದರು ಮಾರಾಯ್ರೇ' ಅಂತ ಅವರು ಹೇಳುವಾಗ ನಗು ಬರುತ್ತದೆ, ಪಾಪ ಅಂತಲೂ ಅನಿಸುತ್ತದೆ. 2024ರ ಬಡ್ಡಿಯನ್ನು ಭಾರತದಲ್ಲೇ ಬಿಟ್ಟು, 2023ರ ವರೆಗಿನ ಅಸಲನ್ನು ಕರಗಿಸಿ ತರುತ್ತಿದ್ದಾರೆ ಈಗ. ಎಷ್ಟು ವರ್ಷ ಹೀಗೆ ನಡೆಯುತ್ತದೋ. ಬಡ್ಡಿ ಮುಟ್ಟಬೇಡ, ಅಸಲು ತಿನ್ನು ಅಂತ ಬುದ್ಧಿ ಹೇಳುವ ತೆರಿಗೆಯನ್ನು ನಾನು ಎಲ್ಲೂ ನೋಡಿರಲಿಲ್ಲ. ಅಜ್ಜಂದಿರು ಕೇಳಿದ್ದರೆ ಬಡಿಗೆ ತಗೊಳ್ಳುತ್ತಿದ್ದರು.

ಮತ್ತೆ, ದೊಡ್ಡವರಿಗೆ ಬೇರೆ ಬಾಗಿಲಿದೆ. 2022ರಿಂದ ದೀರ್ಘಾವಧಿ ನಿವಾಸಿ ವೀಸಾ ಅಂತ ಒಂದು ಇದೆ, ಎಲ್‌ಟಿಆರ್ ಅನ್ನುತ್ತಾರೆ. ವರ್ಷಕ್ಕೆ 80,000 ಡಾಲರ್ ಆದಾಯ ಇರುವ ನಿವೃತ್ತರಿಗೆ ಅದು ಸಿಗುತ್ತದೆ. ಅವರು ಹೊರಗಿನಿಂದ ತಂದ ಆದಾಯಕ್ಕೆ ರಾಜಾಜ್ಞೆಯ ಮೂಲಕ ವಿನಾಯಿತಿ. ತೀರಾ ಕಮ್ಮಿ ಇರುವವರು ವಿನಾಯಿತಿಗಳ ಅಡಿಯಲ್ಲಿ ತೂರಿಕೊಳ್ಳುತ್ತಾರೆ, ತೀರಾ ಜಾಸ್ತಿ ಇರುವವರು ಮೇಲಿಂದ ಹಾರಿಹೋಗುತ್ತಾರೆ. ಬಲೆಗೆ ಬೀಳುವುದು ನಡುವಿನವರು. ಇದನ್ನು ಹೊಸ ವಿಷಯ ಅಂತ ಹೇಳುತ್ತಿಲ್ಲ.

ನನ್ನ ಲೆಕ್ಕಕ್ಕೆ ಬರುತ್ತೇನೆ. 2024ರಲ್ಲಿ ನಾನು ತಂದದ್ದು 9 ಲಕ್ಷ ಬಾತ್. ಅದರಲ್ಲಿ 5 ಲಕ್ಷ ಗೆರೆಯ ಮೇಲಿನದು ಅಂತ ಕಾಗದ ತೋರಿಸಿ ಸಾಬೀತು ಮಾಡಿದೆ. ಉಳಿದ 4 ಲಕ್ಷದಲ್ಲಿ ಬಾಡಿಗೆ ಎರಡೂವರೆ, ಬಡ್ಡಿ ಒಂದೂವರೆ. ಬಾಡಿಗೆಯಲ್ಲಿ 30 ಪರ್ಸೆಂಟ್ ಖರ್ಚು ಅಂತ ಕಳೆಯಲು ಬಿಡುತ್ತಾರೆ, ಅದು 75,000. ಸ್ವಂತದ ವಿನಾಯಿತಿ 60,000. ಉಳಿದದ್ದು 2,65,000. ಮೊದಲ ಒಂದೂವರೆ ಲಕ್ಷಕ್ಕೆ ಇಲ್ಲ, ಮಿಕ್ಕ 1,15,000ಕ್ಕೆ 5 ಪರ್ಸೆಂಟ್. ಒಟ್ಟು ತೆರಿಗೆ 5,750 ಬಾತ್. ರೂಪಾಯಿಯಲ್ಲಿ ಸುಮಾರು ಹದಿನಾಲ್ಕು ಸಾವಿರ.

ಅಕೌಂಟೆಂಟ್ ಫೀಸು 8,000 ಬಾತ್.

ಆ 5,750ನ್ನೂ ಬಿಡಿಸಬಹುದಿತ್ತು. ಭಾರತದಲ್ಲಿ ನನ್ನ ಬಾಡಿಗೆದಾರ ಪ್ರತಿ ತಿಂಗಳು ನನ್ನನ್ನು ಬೈದುಕೊಂಡೇ 31.2 ಪರ್ಸೆಂಟ್ ಟಿಡಿಎಸ್ ಮುರಿದು ಕಟ್ಟುತ್ತಾನೆ. ಮನೆ ಮಾಲೀಕರು ಎನ್‌ಆರ್‌ಐ ಆದರೆ ಅದು ಬಾಡಿಗೆದಾರನ ತಲೆನೋವು. ಆ ತೆರಿಗೆಯನ್ನು ತೋರಿಸಿ ಇಲ್ಲಿಯದನ್ನು ಕಳೆಯಬಹುದು. ಆದರೆ ನಮ್ಮ ವರ್ಷ ಏಪ್ರಿಲ್‌ನಿಂದ ಮಾರ್ಚ್, ಇವರದು ಜನವರಿಯಿಂದ ಡಿಸೆಂಬರ್. ಇಲ್ಲಿಯ ಫಾರಂ ಮಾರ್ಚ್ 31ರ ಒಳಗೆ ಕೊಡಬೇಕು, ಆನ್‌ಲೈನ್ ಆದರೆ ಏಪ್ರಿಲ್ 8. ಆ ಹೊತ್ತಿಗೆ ಭಾರತದ ವರ್ಷ ಈಗಷ್ಟೇ ಮುಗಿದಿರುತ್ತದೆ. ಐಟಿಆರ್ ತುಂಬುವುದು ಜುಲೈಗೆ. ಅಂತಿಮ ತೆರಿಗೆ ಎಷ್ಟು, ರೀಫಂಡ್ ಎಷ್ಟು ಅಂತ ಗೊತ್ತಾಗುವುದು ಅದರ ನಂತರ. ಟಿಡಿಎಸ್ ಎಷ್ಟು ಮುರಿದರು ಅನ್ನುವುದಲ್ಲ, ಕೊನೆಗೆ ನಿಜವಾಗಿ ಕಟ್ಟಿದ್ದೆಷ್ಟು ಅನ್ನುವುದು ಬೇಕು. ಮಾರ್ಚಿನಲ್ಲಿ ಇಲ್ಲಿ ಕೇಳುವ ಪ್ರಶ್ನೆಗೆ ಉತ್ತರ ಅಲ್ಲಿ ಇನ್ನೂ ಹುಟ್ಟಿಯೇ ಇರುವುದಿಲ್ಲ. ಹೋರಾಡಲೂಬಹುದು, ಕಾಗದಗಳನ್ನು ಅನುವಾದ ಮಾಡಿಸಿ, ಮೊಹರು ಹಾಕಿಸಿ. ಅದರ ಖರ್ಚು 5,750 ದಾಟುತ್ತದೆ ಅಂತ ಹುಡುಗಿ ಹೇಳಿದಳು. ತಡಮಾಡಿದರೆ ತಿಂಗಳಿಗೆ ಒಂದೂವರೆ ಪರ್ಸೆಂಟ್ ದಂಡಬಡ್ಡಿ ಬೇರೆ. ಕಟ್ಟಿಬಿಡೋಣ ಅಂದೆ.

ಕಟ್ಟಲು ಹೋದದ್ದು ಮಾರ್ಚ್ ಕೊನೆಯ ವಾರ. ಚಿಯಾಂಗ್ ಮಾಯ್‌ನಲ್ಲಿ ಮಾರ್ಚ್ ಅಂದರೆ ಹೊಗೆಯ ಕಾಲ. ಸುತ್ತಲಿನ ಹೊಲಗಳ ಕೂಳೆ, ಗುಡ್ಡಗಳ ಕಾಡು ಉರಿಯುತ್ತದೆ. ಊರು ಬಟ್ಟಲಿನ ತಳದಲ್ಲಿರುವುದರಿಂದ ಹೊಗೆ ಎಲ್ಲಿಗೂ ಹೋಗುವುದಿಲ್ಲ. ಕಿಟಕಿಯಿಂದ ದಿನವೂ ಕಾಣುವ ದೋಯ್ ಸುಥೆಪ್ ಬೆಟ್ಟ ಎರಡು ತಿಂಗಳು ಮಾಯ. ಕೈಲಾದವರು ಆ ಕಾಲಕ್ಕೆ ದಕ್ಷಿಣದ ಸಮುದ್ರದ ಕಡೆ ಹೋಗಿಬಿಡುತ್ತಾರೆ. ನಾವು ಮಾಸ್ಕ್ ಹಾಕಿಕೊಂಡು ಕೆಂಪು ಶೇರ್ ಗಾಡಿ ಹತ್ತಿ ಸನ್ಫಾಕೊನ್‌ಗೆ ಹೋದೆವು. ನಾನು ಹೆದರಿದ್ದೆ. ಒಳಗಿದ್ದದ್ದು ಒಬ್ಬ ನಿಧಾನದ ಹೆಂಗಸು. ನನ್ನ 13 ಅಂಕಿಯ ತೆರಿಗೆ ನಂಬರು ನೋಡಿದರು, ಫಾರಂ ತಿರುಗಿಸಿದರು. ತೆರಿಗೆ 3,000 ದಾಟಿದರೆ ಮೂರು ಕಂತಿನಲ್ಲಿ ಕಟ್ಟಬಹುದು, ಬಡ್ಡಿ ಇಲ್ಲ, ಬೇಕಾ ಅಂತ ಕೇಳಿದರು. ನಮ್ಮನೆಯವರು ಕೂಡಲೇ 'ಹೂಂ' ಅಂದರು. ಇಎಂಐ ಅಂದರೆ ಅವರ ಕೈ ತಾನೇ ಮೇಲೇಳುತ್ತದೆ. ನಾನು ಪೂರ್ತಿ ಕಟ್ಟಿದೆ. ಆ ಹೆಂಗಸು ಎರಡೂ ಕೈ ಜೋಡಿಸಿ ವಾಯ್ ಮಾಡಿದರು. ಬೆಂಗಳೂರಿನಲ್ಲಿ ಎಷ್ಟೋ ಲಕ್ಷ ತೆರಿಗೆ ಕಟ್ಟಿದ್ದೇನೆ. ಯಾರೂ ನಮಸ್ಕಾರ ಮಾಡಿರಲಿಲ್ಲ.

ಅದೇ 2025ರಲ್ಲಿ ಇನ್ನೊಂದು ಸುದ್ದಿ ಬಂತು. ದುಡಿದ ವರ್ಷ ಅಥವಾ ಅದರ ಮರುವರ್ಷ ತಂದರೆ ತೆರಿಗೆ ಬೇಡ ಎಂಬ ಪ್ರಸ್ತಾಪ ಇದೆಯಂತೆ. ನೋಡಿ ತಮಾಷೆ. ಮೊದಲು ಬೇಗ ತಂದರೆ ತೆರಿಗೆ, ತಡವಾಗಿ ತಂದರೆ ಇಲ್ಲ. ಪ್ರಸ್ತಾಪದಲ್ಲಿ ಬೇಗ ತಂದರೆ ಇಲ್ಲ, ತಡಮಾಡಿದರೆ ತೆರಿಗೆ. ಕಾಫಿ ಗುಂಪಿನಲ್ಲಿ ಮತ್ತೆ ಗಲಾಟೆ. ನಾನು ಪ್ರಸ್ತಾಪ ನಂಬಿ ಒಂದು ಕಾಸನ್ನೂ ಅಲ್ಲಾಡಿಸಲಿಲ್ಲ. ನಿಶ್ಚಯವಾದ ಮದುವೆಗೂ ಪ್ರಸ್ತಾಪಕ್ಕೂ ವ್ಯತ್ಯಾಸ ಇದೆ ಅಲ್ವಾ.

ಆ ವರ್ಷದ ಮೇ ತಿಂಗಳಲ್ಲಿ ಅಮ್ಮ ಫೋನ್ ಮಾಡಿದಳು. 'ಅಡಿಕೆ ಕೊಟ್ಟಾಯ್ತು. ನಿಂಗೂ ಸ್ವಲ್ಪ ಹಾಕ್ಸಿದೀನಿ. ಬಂತೇನೇ?'

ತೋಟ ಅಮ್ಮನ ಹೆಸರಲ್ಲಿದೆ. ನೋಡಿಕೊಳ್ಳುವುದು ತಮ್ಮ. ಪ್ರತಿ ವರ್ಷ ಕೆಂಪಡಿಕೆ ಮಾರಿದ ಮೇಲೆ ಹೆಣ್ಣುಮಕ್ಕಳಿಗೆ ಅಂತ ಅಮ್ಮ ಒಂದಿಷ್ಟು ಎತ್ತಿಡುತ್ತಾಳೆ. ಮೊದಲೆಲ್ಲ ಸೀರೆಯ ಮಡಿಕೆಯಲ್ಲಿ ಇಟ್ಟು ಕೊಡುತ್ತಿದ್ದಳು, ಈಗ ತಮ್ಮನ ಕೈಲಿ ಖಾತೆಗೆ ಹಾಕಿಸುತ್ತಾಳೆ. ಖಾತೆ ಯಾವುದು? ಅದೇ ಎನ್‌ಆರ್‌ಒ. ಬಾಡಿಗೆ ಬೀಳುವ ಬಾವಿಗೇ ಬಂದು ಬಿದ್ದಿತ್ತು.

ಹುಡುಗಿಗೆ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು ಕೇಳಿದಳು, 'ಪೀ, ತೋಟ ನಿಮ್ಮದಾ, ಅಮ್ಮನದಾ?' ತೋಟದಲ್ಲಿ ನನಗೆ ಪಾಲು ಇದ್ದಿದ್ದರೆ ಅದು ನನ್ನ ಆದಾಯ. ಅಡಿಕೆ ಕೃಷಿ ಆದಾಯ, ಭಾರತದಲ್ಲಿ ಅದಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಇಲ್ಲಿ ಕಳೆಯಲು ಏನೂ ಇರುತ್ತಿರಲಿಲ್ಲ. ಮಂಗಳೂರಿನವರ ಎನ್‌ಆರ್‌ಇ ಕತೆಯೇ ನನ್ನದೂ ಆಗುತ್ತಿತ್ತು. ತೋಟ ಅಮ್ಮನದಾದ್ದರಿಂದ ಆದಾಯ ಅಮ್ಮನದು. ನನಗೆ ಬಂದದ್ದು ಉಡುಗೊರೆ. ಏಜೆಂಟರು ಸುಳ್ಳಾಗಿ ತೋರಿಸಲು ಹೇಳಿದ್ದ ಅದೇ ಉಡುಗೊರೆ, ಈಗ ನಿಜವಾಗಿಯೇ ಬಂದಿತ್ತು. ಅಪ್ಪ ಹೋದ ಮೇಲೆ ನಾವು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದೆವು. ಅವತ್ತು ಅತ್ತಿದ್ದೆ. ಆ ಪತ್ರದ ನಕಲು ಇಂಥ ಊರಿನಲ್ಲಿ, ಇಂಥ ಕೆಲಸಕ್ಕೆ ಬೇಕಾಗುತ್ತದೆ ಅಂತ ಯಾರು ಅಂದುಕೊಂಡಿದ್ದರು?

'ಅಮ್ಮನಿಂದ ಒಂದು ಪತ್ರ ಬೇಕು' ಅಂದಳು ಹುಡುಗಿ. 'ಇಷ್ಟು ಹಣವನ್ನು ಮಗಳಿಗೆ ಉಡುಗೊರೆಯಾಗಿ ಕೊಟ್ಟಿದ್ದೇನೆ ಅಂತ. ತಾರೀಕು, ಸಹಿ.'

ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಮಳೆಯ ಸದ್ದು.

'ಮಗಳಿಗೆ ಕೊಡೋಕೆ ನಾನು ಪತ್ರ ಬೇರೆ ಬರೆದು ಕೊಡ್ಬೇಕಾ? ಯಾರಿಗೆ ತೋರಿಸ್ತೀಯ?'

'ಇಲ್ಲಿಯ ಸರ್ಕಾರಕ್ಕೆ ಅಮ್ಮ.'

'ಅವರಿಗೇನಂತೆ?'

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಏನು ಬರೆಯಬೇಕು ಅಂತ ಎರಡು ಸಾಲು ತಮ್ಮನಿಗೆ ಕಳಿಸಿದೆ, ಟೈಪ್ ಮಾಡಿಸಿ ಸಹಿ ಹಾಕಿಸು ಅಂದೆ. ಅಮ್ಮ ಟೈಪ್ ಮಾಡಿಸಲು ಬಿಡಲಿಲ್ಲವಂತೆ. ಮೂರು ವಾರದ ಮೇಲೆ ಪತ್ರ ಬಂತು. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ, ಎರಡೂ ಬದಿ ತುಂಬ, ಅಮ್ಮನ ಓರೆ ಅಕ್ಷರ. ಮೇಲೆ ಕ್ಷೇಮ. ಆಮೇಲೆ ಮೊತ್ತ, ತಾರೀಕು, 'ಮಗಳಿಗೆ ಪ್ರೀತಿಯಿಂದ ಕೊಟ್ಟದ್ದು, ಇದನ್ನು ಯಾರೂ ಕೇಳತಕ್ಕದ್ದಲ್ಲ' ಅನ್ನುವ ಒಂದು ಸಾಲು. ಅದರ ಕೆಳಗೆ ಉಳಿದದ್ದೆಲ್ಲ. ಈ ಸಲ ಮಳೆ ಬೇಗ ಹಿಡಿದಿದೆ. ಮೊದಲ ಔಷಧಿ ಹೊಡೆಯಲು ಜನ ಸಿಕ್ಕಿಲ್ಲ. ಮೇಲಿನ ತೋಟದಲ್ಲಿ ಅಡಿಕೆಗೆ ಕೊಳೆ ರೋಗ ಶುರುವಾಗಿದೆ, ಮುಂದಿನ ವರ್ಷ ಇಷ್ಟು ಕೊಡಲಾಗದೇ ಇರಬಹುದು, ಬೇಜಾರು ಮಾಡಿಕೊಳ್ಳಬೇಡ. ಸಹಿ.

ಹುಡುಗಿ ಅನುವಾದಕರಿಗೆ ಕಳಿಸಲು ಹಾಳೆಯ ಎರಡೂ ಬದಿ ಸ್ಕ್ಯಾನ್ ಮಾಡಿಕೊಂಡಳು. ಪತ್ರ ಅಂದಮೇಲೆ ಪೂರ್ತಿ ಅನುವಾದ ಆಗಬೇಕಂತೆ, ಅರ್ಧ ಬಿಡುವ ಹಾಗಿಲ್ಲ. ಅವಳಿಗೆ ಅರ್ಥವಾಗಲಿ ಅಂತ ನಾನು ಸಾಲು ಸಾಲು ಓದಿ ಹೇಳುತ್ತಾ ಹೋದೆ. ಕೊಳೆ ಅನ್ನುವಲ್ಲಿಗೆ ಬಂದಾಗ ಅವಳು ತಡೆದಳು.

'ಪೀ, ಇದು ಯಾವ ಥರದ ಆದಾಯ?'